ಅಸ್ಥಿಯ ಸಾಕ್ಷ್ಯ, ರಕ್ತದ ಮೌನ

ಮಸ್ಕಿಯೆಂದೊಡನೆ ನಮಗೆ ನೆನಪಾಗುವುದು 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ. ಅದೇ ನೆಲದಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಉತ್ಖನನದಿಂದ ಬೃಹತ್ ಶಿಲಾಯುಗದ ಶವಸಂಸ್ಕಾರಗಳೂ ಬೆಳಕಿಗೆ ಬಂದವು. ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ ಎಫ್. ಆರ್. ಆಲ್‌ಚಿನ್ ಅವರು ನಡೆಸಿದ ಉತ್ಖನನದಲ್ಲಿಯೂ ಮಾನವಾಸ್ಥಿಗಳು ದೊರೆತವು. ಶಾಸನವನ್ನು ಓದಿದ ಶ್ರದ್ಧೆಯಿಂದಲೇ ಅಸ್ಥಿಯನ್ನೂ ಓದಬಹುದೆ? ಓದಿದರೆ ಎಷ್ಟು ತಿಳಿದೀತು? ಅರ್ಬುದರೋಗದ, ಎಂದರೆ ಕ್ಯಾನ್ಸರಿನ, ದೃಷ್ಟಾಂತದಿಂದ ಇದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಜೀವಂತ ಅಸ್ಥಿಯು ಜಡವಸ್ತುವಲ್ಲ. ಹಳೆಯದನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಅದರಲ್ಲಿ ನಿರಂತರವಾಗಿ ದುಡಿಯುತ್ತಿರುತ್ತವೆ. ಅರ್ಬುದವು ಅಲ್ಲಿಗೆ ಹರಡಿದಾಗ ಈ ಸಮತೋಲವು ಕೆಡುತ್ತದೆ. ಸ್ತನದ ಅರ್ಬುದವು ಬಹುಮಟ್ಟಿಗೆ ಅಸ್ಥಿಯನ್ನು ಕರಗಿಸಿದರೆ, ಪ್ರಾಸ್ಟೇಟ್ ಗ್ರಂಥಿಯ ಅರ್ಬುದವು ಸಾಮಾನ್ಯವಾಗಿ ಹೊಸ ಅಸ್ಥಿಯನ್ನು ಬೆಳೆಯಿಸುತ್ತದೆ. ಆದರೆ ಆ ಬೆಳವಣಿಗೆ ಕ್ರಮಗೆಟ್ಟದ್ದು, ಬಲವಿಲ್ಲದ್ದು. 1889ರಲ್ಲಿ ಸ್ಟೀಫನ್ ಪ್ಯಾಜೆಟನು ಸ್ತನದ ಅರ್ಬುದದಿಂದ ಮೃತರಾದ 735 ಮಂದಿಯ ದಾಖಲೆಗಳನ್ನು ಪರಿಶೀಲಿಸಿ, ರೋಗವು ಕಂಡಕಂಡಲ್ಲಿ ನೆಲೆಸದೆ, ಬೀಜವು ತನಗೊಗ್ಗುವ ನೆಲದಲ್ಲಿ ಮೊಳೆಯುವಂತೆ ಕೆಲವೇ ಅಂಗಗಳಲ್ಲಿ ಬೇರೂರುವುದೆಂದು ಪ್ರತಿಪಾದಿಸಿದನು.

ಇದೇ ರೋಗವು ರಕ್ತವನ್ನೂ ಬಾಧಿಸುತ್ತದೆ. ಅರ್ಬುದ ಮತ್ತು ರಕ್ತನಾಳಗಳಲ್ಲಿನ ಹೆಪ್ಪುಗಳ ಸಂಬಂಧವನ್ನು 1865ರಲ್ಲಿ ಪ್ಯಾರಿಸಿನ ಆರ್ಮಾಂ ಟ್ರೂಸೋ ವಿವರಿಸಿದನು. ಎರಡು ವರ್ಷಗಳ ತರುವಾಯ ತಾನೇ ಜಠರದ ಅರ್ಬುದದಿಂದ ತೀರಿಕೊಂಡನು. ಅರ್ಬುದದ ಜೀವಕೋಶಗಳು ರಕ್ತವನ್ನು ಹೆಪ್ಪುಗಟ್ಟಿಸುವ ದ್ರವ್ಯಗಳನ್ನು ಹೊರಸೂಸುತ್ತವೆ. ಹಲವೆಡೆ ಹೆಪ್ಪುಗಟ್ಟಿ ಅದಕ್ಕೆ ಬೇಕಾದ ಅಂಶಗಳೇ ವ್ಯಯವಾಗಿಹೋದಾಗ, ವಿಪರೀತವೆಂಬಂತೆ, ರಕ್ತಸ್ರಾವ ತೊಡಗುತ್ತದೆ. ಪ್ರಾಸ್ಟೇಟಿನ ಅರ್ಬುದವು ಅಸ್ಥಿಗೆ ಹರಡಿದವರಲ್ಲಿ ಈ ವಿಪತ್ತು ಕೆಲವೊಮ್ಮೆ ಕಂಡುಬರುತ್ತದೆ.

ಇವೆರಡರಲ್ಲಿ ಕಾಲವನ್ನು ಗೆದ್ದು ಉಳಿಯುವುದು ಅಸ್ಥಿಯ ವಿಕಾರ ಮಾತ್ರ. ಸೈಬೀರಿಯದ ತುವಾ ಪ್ರಾಂತದ ಅರ್ಜಾನ್ ಸಮಾಧಿಯಲ್ಲಿ ದೊರೆತ, ಕ್ರಿ. ಪೂ. 7ನೆಯ ಶತಮಾನದ ಸಿಥಿಯನ್ ದೊರೆಯ ಅಸ್ಥಿಗಳಲ್ಲಿ ಪ್ರಾಸ್ಟೇಟ್ ಅರ್ಬುದದ ಕುರುಹುಗಳನ್ನು ವಿದ್ವಾಂಸರು 2007ರಲ್ಲಿ ಪ್ರಕಟಿಸಿದರು. ಸೂಕ್ಷ್ಮದರ್ಶಕದಿಂದ ಕಂಡುದನ್ನು ಅಸ್ಥಿಯಲ್ಲಿ ಉಳಿದಿದ್ದ ಪ್ರೋಟೀನೇ ದೃಢಪಡಿಸಿತು. ಆದರೆ ಆತನ ರಕ್ತ ಹೆಪ್ಪುಗಟ್ಟಿತ್ತೆ, ಸೋರಿತ್ತೆ ಎಂಬುದನ್ನು ಯಾವ ಅಸ್ಥಿಯೂ ಹೇಳಲಾರದು.

ಆದುದರಿಂದ ಕುರುಹಿಲ್ಲವೆಂದ ಮಾತ್ರಕ್ಕೆ ಪ್ರಾಚೀನರಲ್ಲಿ ರೋಗವಿರಲಿಲ್ಲವೆಂದು ಸಾಧಿಸಲಾಗದು. ಉಳಿದಿರುವ ಅರ್ಧ ಸಾಕ್ಷ್ಯವನ್ನು ಕಳೆದುಕೊಳ್ಳಲೂ ಆಗದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರಿನ ಸೀಮೆಯಲ್ಲಿ ಗದ್ದೆ ಸಮಮಾಡುವಾಗ ಹಳೆಯ ಎಲುಬು ಕಂಡರೆ, ಅದನ್ನು ಅಗೆದು ತೊಳೆಯದೆ, ಇದ್ದಲ್ಲಿಯೇ ಬಿಟ್ಟು ಪುರಾತತ್ತ್ವ ಇಲಾಖೆಗೆ ತಿಳಿಸುವಂತೆ ನಮ್ಮ ವಿದ್ಯಾರ್ಥಿಗಳು ಊರವರಿಗೆ ಹೇಳಬೇಕು. ಒಡೆದ ಶಾಸನವನ್ನು ಜೋಡಿಸಿ ಓದಬಹುದು. ಪುಡಿಯಾದ ಅಸ್ಥಿಗೆ ಎರಡನೆಯ ಓದಿಲ್ಲ.