ಚೋಮ ಗೇಣಿದಾರನಲ್ಲ



ನಮ್ಮ ಕುಂಬಾರಕೊಪ್ಪಲಿನ ನಾಲ್ಕೈದು ಹುಡುಗರು ‘ಚೋಮನ ದುಡಿ’ ಕಾದಂಬರಿ ಇಟ್ಕೊಂಡು ಚಿತ್ರಕಥೆ ಬರೆಯೋಕೆ ಕೂತಿದ್ದಾರೆ. “ಅಣ್ಣ, ಇದು ಆಗಲೇ ಸಿನಿಮಾ ಆಗಿದೆಯಲ್ಲ, ನಾವು ಹೊಸದಾಗಿ ಮಾಡೋದೇನು?” ಅಂತ ಕೇಳಿದರು. ಉತ್ತರ ಉದ್ದ ಆಯ್ತು, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಶಿವರಾಮ ಕಾರಂತರ ಕಾದಂಬರಿ 1933ರದ್ದು. ಬಿ.ವಿ. ಕಾರಂತರ ಸಿನಿಮಾ 1975ರದ್ದು. ಸ್ವರ್ಣಕಮಲ ಬಂತು, ಚೋಮನ ಪಾತ್ರ ಮಾಡಿದ ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು. ಈ ನಲವತ್ತೆರಡು ವರ್ಷಗಳ ನಡುವೆ ನಮ್ಮ ಚರಿತ್ರೆ ಎಲ್ಲಿಂದೆಲ್ಲಿಗೆ ಬಂತು ನೋಡಿ. ಬಾಬಾಸಾಹೇಬರ ಸಂವಿಧಾನ ಬಂತು. 1973ರ ನವೆಂಬರಿನಲ್ಲಿ ಇದೇ ಮೈಸೂರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾನೇ ಹೆಚ್ಚು ಅಂದರು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರ ಮಂತ್ರಿಗಿರಿ ಹೋಯ್ತು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಯಾಯ್ತು. ಚೋಮ ತೆರೆ ಮೇಲೆ ಬಂದಾಗ ಹೊರಗೆ ‘ಉಳುವವನೇ ಹೊಲದೊಡೆಯ’ ಅನ್ನೋ ಮಾತು ಓಡಾಡ್ತಿತ್ತು.

ಸರಿ, ಆ ಕಾನೂನು ಚೋಮನಂಥವನಿಗೆ ಏನು ಕೊಡ್ತಿತ್ತು? ಹೆಚ್ಚೇನೂ ಇಲ್ಲ. 7ನೇ ನಮೂನೆಯ ಅರ್ಜಿ ಹಾಕಬೇಕಾದವನು ಗೇಣಿದಾರ. ಚೋಮ ಗೇಣಿದಾರನಲ್ಲ, ಸಂಕಪ್ಪಯ್ಯನ ಆಳು. ಮನೆಯಲ್ಲಿ ಜೋಡಿ ಎತ್ತಿದ್ದರೂ ಹೊಲೆಯ ಅನ್ನೋ ಕಾರಣಕ್ಕೆ ಅವನಿಗೆ ನೆಲ ಸಿಗಲಿಲ್ಲ. ಉಳೋಕೇ ಬಿಡದವನು ಕಾನೂನಿನ ಕಣ್ಣಿಗೆ ‘ಉಳುವವನು’ ಆಗೋದು ಹೇಗೆ? 1975ರ ಅಕ್ಟೋಬರಿನಲ್ಲಿ ಜೀತ ರದ್ದತಿ ಸುಗ್ರೀವಾಜ್ಞೆ ಬಂತು. ಅದು ಸಾಲದಿಂದ ಬಿಡಿಸಿತು, ನೆಲ ಕೊಡಲಿಲ್ಲ. ಗೇಣಿದಾರರು ಒಡೆಯರಾದದ್ದು ದೊಡ್ಡ ಬದಲಾವಣೆನೇ, ಇಲ್ಲ ಅನ್ನಲ್ಲ. ಆದರೆ ಆ ಪಟ್ಟಿಯಲ್ಲಿ ಚೋಮನ ಹೆಸರಿಲ್ಲ. ಆ ಸಿನಿಮಾ ನೋಡಿ ಕಣ್ಣೀರು ಹಾಕಿದವರಲ್ಲಿ ಎಷ್ಟು ಜನ ಇದನ್ನ ಕೇಳಿಕೊಂಡರೋ!

ಇನ್ನು ಬರವಣಿಗೆ ವಿಷಯ. ಕಾದಂಬರಿಯಲ್ಲಿ ಚೋಮನ ಮನಸ್ಸಿನಲ್ಲಿ ಏನಿದೆ ಅಂತ ಕಾರಂತರು ತಾವೇ ಹೇಳಿಬಿಡಬಹುದು. ತೆರೆ ಮೇಲೆ ಆ ಸೌಕರ್ಯ ಇಲ್ಲ, ಎಲ್ಲವೂ ಕಾಣಬೇಕು, ಇಲ್ಲ ಕೇಳಬೇಕು. ಅಲ್ಲಿ ದುಡಿಯೇ ಅವನ ಮಾತು. ನಿರ್ದೇಶಕ ಬಿ.ವಿ. ಕಾರಂತರೇ ಸಂಗೀತವನ್ನೂ ಮಾಡಿದ್ದು ಇಲ್ಲಿ ಕೆಲಸಕ್ಕೆ ಬಂತು. (1989ರಲ್ಲಿ ನಮ್ಮೂರಲ್ಲಿ ರಂಗಾಯಣ ಶುರುಮಾಡಿದವರೂ ಇವರೇ.) ಇನ್ನೊಂದು, ಆ ಕರಾವಳಿಯ ಹೊಲೆಯರ ಮನೆಮಾತು ತುಳು. ಕಾದಂಬರಿಗೆ ಇಳಿಯೋವಾಗಲೇ ಚೋಮನ ಮಾತು ಒಮ್ಮೆ ಭಾಷೆ ಬದಲಿಸಿದೆ. ನೀವು ಅದನ್ನ ಮೈಸೂರು ಕನ್ನಡಕ್ಕೆ ತಂದರೆ ಇನ್ನೊಮ್ಮೆ ಬದಲಾಗುತ್ತೆ. ತರಬೇಡಿ ಅಂತಲ್ಲ, ಗೊತ್ತಿದ್ದು ತನ್ನಿ.

ನೀಲ ಹೊಳೆಯಲ್ಲಿ ಮುಳುಗೋ ಭಾಗ ತಗೊಳ್ಳಿ. ಹೊಲೆಯರ ಮಗು ಅಂತ ಯಾರೂ ಮುಟ್ಟಲ್ಲ. ಪುಟದಲ್ಲಿ ಅದನ್ನ ಹೇಳಿ ಮುಂದೆ ಹೋಗಬಹುದು. ಚಿತ್ರಕಥೆ ಬರೆಯೋವಾಗ ಕ್ಯಾಮೆರಾ ಎಲ್ಲಿಡಬೇಕು ಅಂತ ತೀರ್ಮಾನ ಮಾಡಲೇಬೇಕು. ದಡದಲ್ಲಿಟ್ಟರೆ ನಾವೂ ನಿಂತು ನೋಡೋ ಜನರ ಜೊತೆ ಸೇರ್ತೀವಿ. ನೀರಲ್ಲಿಟ್ಟರೆ ಆ ಜನರ ಮುಖ ಒಂದೊಂದಾಗಿ ಕಾಣುತ್ತೆ. ಬರೆದ ಕಾರಂತರು, ನಿರ್ದೇಶಿಸಿದ ಕಾರಂತರು ಇಬ್ಬರೂ ಬ್ರಾಹ್ಮಣ ಮನೆಯವರು. ಅವರ ಕಾಳಜಿ ನಿಜವಾದದ್ದೇ, ಅದನ್ನ ಅಲ್ಲಗಳೆಯೋ ಅಗತ್ಯ ನನಗಿಲ್ಲ. ಆದರೆ ನಮ್ಮ ಹುಡುಗರು ನಿಲ್ಲೋ ಜಾಗ ಬೇರೆ.

ಮರೆಯೋ ಮುಂಚೆ ಒಂದು ಮಾತು: ಶಿವರಾಮ ಕಾರಂತರು ತೀರಿಕೊಂಡದ್ದು 1997ರಲ್ಲಿ. ಕೃತಿಯ ಹಕ್ಕು ಲೇಖಕರ ನಂತರ 60 ವರ್ಷ ಇರುತ್ತೆ. ಮೊದಲು ಅನುಮತಿ ಕೇಳಿ.

ಕೊನೆಗೆ ಬೆಳ್ಳಿ. ಎಸ್ಟೇಟಿನ ಸಾಲ ತೀರಿದ್ದು ಅವಳ ಮೈಯಿಂದ. ಅದು ಹೇಗೆ ತೀರಿತು ಅಂತ ಅಪ್ಪನಿಗೆ ಅವಳು ಹೇಳೋದಿಲ್ಲ. ಸಿನಿಮಾದ ಕೊನೆಯಲ್ಲಿ ಚೋಮ ಅವಳನ್ನ ಹೊಡೆದು ಆಚೆಗಟ್ತಾನೆ, ಒಂದು ತುಂಡು ನೆಲ ಉಳ್ತಾನೆ, ಎತ್ತುಗಳನ್ನ ಕಾಡಿಗೆ ಓಡಿಸಿ, ಬಾಗಿಲು ಹಾಕ್ಕೊಂಡು ಸಾಯೋತನಕ ದುಡಿ ಬಾರಿಸ್ತಾನೆ. ನಾವೆಲ್ಲ ಬಾಗಿಲೊಳಗಿನ ಸದ್ದು ಕೇಳ್ತಾ ಉಳಿದುಬಿಟ್ವಿ. 1970ರಲ್ಲಿ ಸಿನಿಮಾ ಆದ ‘ಸಂಸ್ಕಾರ’ದ ಕಾದಂಬರಿಯಲ್ಲೂ ಒಬ್ಬಳು ಹೊಲತಿ ಇದ್ದಾಳೆ, ಅವಳ ಹೆಸರೂ ಬೆಳ್ಳಿನೇ.

ಆಚೆಗಟ್ಟಿದ ಮೇಲೆ ಚೋಮನ ಬೆಳ್ಳಿ ಎಲ್ಲಿಗೆ ಹೋದಳು? ಹುಡುಗರಾ, ನಿಮ್ಮ ಮೊದಲ ದೃಶ್ಯ ಅಲ್ಲಿಂದ ಬರೆದು ನೋಡಿ.