ಜೇಡಗಳ ಸಾಮ್ರಾಜ್ಯ, ಗೇರು ತೋಟದ ಹೆಲಿಕಾಪ್ಟರ್

ಈ ಸಲದ ವಿಷಯ ಕೇಳಿದ್ರೆ ನಗ್ತೀರಿ. ಮನುಷ್ಯರನ್ನ ಕೊಲ್ಲುವ ಜೇಡಗಳ ಬಗ್ಗೆ ಅಮೆರಿಕದಲ್ಲಿ ಕಡಿಮೆ ದುಡ್ಡಿಗೆ ತೆಗೆದ ಸಿನಿಮಾಗಳ ಚರಿತ್ರೆ. ಹೊಯ್ಸಳರು, ಕೆಳದಿ ಅಂತ ಮಾತಾಡೋ ಜಾಗದಲ್ಲಿ ಇದೇನಪ್ಪಾ ಅನ್ನಿಸಬಹುದು. ಸ್ವಲ್ಪ ತಾಳಿ. ಅರಿಜೋನಾದಲ್ಲಿ ಶುರುವಾಗುವ ಕಥೆ ಕಾಸರಗೋಡಿನ ಕನ್ನಡದ ಹಳ್ಳಿಗಳಿಗೆ ಬರುತ್ತೆ, ಅಲ್ಲಿಂದ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿ ತಿರುವನಂತಪುರದ ಸೆಕ್ರೆಟೇರಿಯೆಟ್ ಗೇಟಿಗೆ ಹೋಗುತ್ತೆ.

ಮೊದಲು ನಾವಿರುವ ಊರಿನ ಮಾತು. ನಾನು ಟೆಕ್ನೋಪಾರ್ಕಿನಲ್ಲಿ ಕೆಲವು ವರ್ಷ ಇದ್ದು ಈಗ ಕೊಚ್ಚಿಯ ಕಾಕ್ಕನಾಡಿನಲ್ಲಿದ್ದೀನಿ. ನನಗೆ ಕುತೂಹಲ ಇದ್ದದ್ದು ಒಂದೇ: ಇಷ್ಟು ಮಳೆ, ಇಷ್ಟು ಹಸಿರು, ಪ್ರತಿ ಬಾತ್‌ರೂಮಿನಲ್ಲೂ ಅಂಗೈ ಅಗಲದ ಜೇಡ ಇರುವ ನಾಡಿನಲ್ಲಿ ಜೇಡದ ಹಾರರ್ ಸಿನಿಮಾ ಯಾಕೆ ಬೆಳೀಲಿಲ್ಲ? ಮಲಯಾಳದ ಭಯ ಪೂರ್ತಿ ಯಕ್ಷಿಯ ಪಾಲಾಗಿದೆ. 1964ರ 'ಭಾರ್ಗವೀ ನಿಲಯಂ', 1978ರ 'ಲೀಸಾ', 1979ರ 'ಕಳ್ಳಿಯಂಕಾಟ್ಟು ನೀಲಿ', ಎಲ್ಲ ಹೆಣ್ಣು ದೆವ್ವಗಳೇ. ನಮ್ಮ 'ಆಪ್ತಮಿತ್ರ'ದ ಮೂಲ 'ಮಣಿಚ್ಚಿತ್ರತ್ತಾಳ್' ಕೂಡ ಅದೇ ಮನೆತನದ್ದು. ಅದರ ಒಂದಷ್ಟು ಭಾಗ ಇಲ್ಲೇ ತ್ರಿಪ್ಪೂಣಿತ್ತುರದ ಹಿಲ್ ಪ್ಯಾಲೇಸಿನಲ್ಲಿ ತೆಗೆದದ್ದು.

ಜೇಡಕ್ಕೆ ಇಲ್ಲಿ ಸಿಕ್ಕಿದ್ದು ಕಾಮಿಡಿ ಪಾತ್ರ. ವೈಕಂ ಮುಹಮ್ಮದ್ ಬಷೀರರ ಕಥಾಲೋಕದಲ್ಲಿ ಎಟ್ಟುಕಾಲಿ ಮಮ್ಮೂಞ್ಞು ಅಂತ ಒಬ್ಬ ಇದ್ದಾನೆ. ಎಟ್ಟುಕಾಲಿ ಅಂದ್ರೆ ಎಂಟುಕಾಲಿ, ಜೇಡ. ಊರಲ್ಲಿ ಯಾವ ಹೆಣ್ಣು ಬಸುರಿಯಾದ್ರೂ ಅದಕ್ಕೆ ತಾನೇ ಕಾರಣ ಅಂತ ಹೇಳ್ಕೊಂಡು ತಿರುಗೋನು. ಬೇರೆಯವರ ಕೋಡ್ ತನ್ನದು ಅಂತ ಡೆಮೋ ಕೊಡೋ ಮನುಷ್ಯನಿಗೆ ಮಲಯಾಳಿ ಸಹೋದ್ಯೋಗಿಗಳು ಈ ಹೆಸರಿಡೋದನ್ನ ನೀವೂ ಕೇಳಿರ್ತೀರಿ. 'ಭಾರ್ಗವೀ ನಿಲಯಂ'ಗೆ ಚಿತ್ರಕಥೆ ಬರೆದದ್ದೂ ಇದೇ ಬಷೀರರು ಅನ್ನೋದು ಗಮನಿಸಿ. ದೆವ್ವವನ್ನೂ ಜೇಡವನ್ನೂ ಬಲ್ಲ ಲೇಖಕ ಹೆದರಿಸೋಕೆ ಆರಿಸಿಕೊಂಡದ್ದು ದೆವ್ವವನ್ನ.

ಹಾಗಂತ ಜೇಡದ ಭಯ ಇಲ್ಲವೇ ಇಲ್ಲ ಅಂತಲ್ಲ. ಪತ್ತನಂತಿಟ್ಟ ಜಿಲ್ಲೆಯ ಕೊಡುಮಣ್‌ನಲ್ಲಿ ಜನ 'ಚಿಲಂದಿ ಅಂಬಲಂ', ಅಂದ್ರೆ ಜೇಡದ ಗುಡಿ, ಅಂತಲೇ ಕರೆಯುವ ದೇವೀ ದೇವಸ್ಥಾನ ಇದೆ. ಜೇಡದ ವಿಷದಿಂದ ಚರ್ಮ ಕೆಟ್ಟಿದೆ ಅಂತ ನಂಬಿದವರು ಅಲ್ಲಿಗೆ ಹರಕೆ ಹೊತ್ತು ಬರ್ತಾರೆ. ನಮ್ಮ ಕಡೆ ಅಜ್ಜಿಯಂದಿರು ಮೈಮೇಲೆ ಗುಳ್ಳೆ ಎದ್ದರೆ 'ಜೇಡ ಉಚ್ಚೆ ಹೊಯ್ದಿದೆ' ಅಂತಿರಲಿಲ್ವಾ, ಅದೇ ನಂಬಿಕೆ.

ಈಗ ಅಮೆರಿಕಕ್ಕೆ ಹೋಗೋಣ. 1955ರಲ್ಲಿ ಯೂನಿವರ್ಸಲ್ ಸಂಸ್ಥೆ ಜ್ಯಾಕ್ ಆರ್ನಲ್ಡ್ ನಿರ್ದೇಶನದಲ್ಲಿ 'ಟರಾಂಟುಲಾ' ತೆಗೀತು. ವಿಕಿರಣ ಬೆರೆಸಿದ ಪೌಷ್ಟಿಕ ದ್ರವ, ಅದನ್ನ ತಿಂದು ಬೆಟ್ಟದಷ್ಟಾಗುವ ಜೇಡ. ಹಿರೋಶಿಮಾ ಆಗಿ ಹತ್ತು ವರ್ಷ, ಆಗ ಎಲ್ಲ ಭೂತಕ್ಕೂ ಅಣುಬಾಂಬೇ ತಂದೆ. ಜೇಡ ನಿಜವಾದದ್ದೇ. ಗಾಳಿ ಊದಿ ಊದಿ ಅದನ್ನ ನಡೆಸಿ, ಆ ಚಿತ್ರವನ್ನ ಮರುಭೂಮಿಯ ಚಿತ್ರದ ಮೇಲೆ ಕೂಡಿಸಿದ್ರು. ಕೊನೆಯಲ್ಲಿ ಬಾಂಬ್ ಹಾಕುವ ಪೈಲಟ್ ಯಾರು ಗೊತ್ತಾ? ಆಗಿನ್ನೂ ಯಾರಿಗೂ ಗೊತ್ತಿಲ್ಲದ ಕ್ಲಿಂಟ್ ಈಸ್ಟ್‌ವುಡ್. ಟೈಟಲ್ ಕಾರ್ಡಿನಲ್ಲಿ ಹೆಸರೂ ಇಲ್ಲ.

ಅದಾದ ಮೇಲೆ ಬಜೆಟ್ ಇನ್ನೂ ಇಳೀತು. 1958ರ 'ಅರ್ತ್ ವರ್ಸಸ್ ದಿ ಸ್ಪೈಡರ್' ತೆಗೆದ ಬರ್ಟ್ ಐ. ಗಾರ್ಡನ್ ಟ್ರಿಕ್ ಶಾಟ್‌ಗಳನ್ನೆಲ್ಲ ತಾವೇ ಮಾಡ್ಕೊಳ್ತಿದ್ರು. ಸತ್ತಿದೆ ಅಂತ ಶಾಲೆಯ ಜಿಮ್ಮಿನಲ್ಲಿ ಇಟ್ಟ ಜೇಡ ಹುಡುಗರ ರಾಕ್ ಅಂಡ್ ರೋಲ್ ಕೇಳಿ ಎದ್ದು ಕೂರುತ್ತೆ! 1975ರ 'ದಿ ಜೈಂಟ್ ಸ್ಪೈಡರ್ ಇನ್ವೇಷನ್' ಅಂತೂ ನನ್ನ ಮೆಚ್ಚಿನದು. ವಿಸ್ಕಾನ್ಸಿನ್‌ನ ಬಿಲ್ ರೀಬೇನ್ ಒಂದು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ ಕೂದಲಿನ ಹೊದಿಕೆ ಹಾಕಿ, ಒಳಗೆ ಹುಡುಗರನ್ನ ಕೂರಿಸಿ ಕಾಲು ಆಡಿಸಿ, ಅದೇ ದೈತ್ಯ ಜೇಡ ಅಂದ್ರು. ನಮ್ಮ ಯಕ್ಷಗಾನದಲ್ಲಿ ಬಣ್ಣದ ವೇಷ ಬಂದಾಗ ರಾಳ ಎರಚಿದ ಹಾಗೆ, ನೋಡುವವನು ಒಪ್ಪಿದರೆ ಸಾಕು.

ಎಂಜಿನಿಯರ್ ಆಗಿ ಒಂದು ಲೆಕ್ಕ ಹೇಳಲೇಬೇಕು. ಜೇಡದ ಉದ್ದ ನೂರು ಪಟ್ಟು ಆದ್ರೆ ಕಾಲಿನ ಅಡ್ಡಕೊಯ್ತದ ವಿಸ್ತೀರ್ಣ 10,000 ಪಟ್ಟು, ತೂಕ ಮಾತ್ರ 10 ಲಕ್ಷ ಪಟ್ಟು. ಅಂದ್ರೆ ಕಾಲಿನ ಒಂದೊಂದು ಚೂರೂ ನೂರು ಪಟ್ಟು ಭಾರ ಹೊರಬೇಕು. ಮೇಲಾಗಿ ಜೇಡ ಕಾಲು ಚಾಚುವುದು ಮುಖ್ಯವಾಗಿ ಮೈಯ ದ್ರವದ ಒತ್ತಡದಿಂದ, ಜೆಸಿಬಿಯ ತೋಳಿನ ಥರ. ಸತ್ತ ಜೇಡದ ಕಾಲು ಒಳಗೆ ಮುದುಡಿಕೊಳ್ಳುವುದು ಅದಕ್ಕೇ. ಬೆಟ್ಟದಷ್ಟು ಜೇಡ ನಿಂತ ಜಾಗದಲ್ಲೇ ಕುಸಿಯುತ್ತೆ. ಸಿನಿಮಾದವರಿಗೂ ಇದು ಬೇಸರ ಬಂದಿರಬೇಕು, ಯಾಕಂದ್ರೆ ಮುಂದಿನ ಚಿತ್ರದಲ್ಲಿ ಜೇಡ ಚಿಕ್ಕದಾಯ್ತು, ಲೆಕ್ಕ ದೊಡ್ಡದಾಯ್ತು.

ಆ ಚಿತ್ರ 1977ರ 'ಕಿಂಗ್‌ಡಮ್ ಆಫ್ ದಿ ಸ್ಪೈಡರ್ಸ್', ಜೇಡಗಳ ಸಾಮ್ರಾಜ್ಯ. ನಿರ್ದೇಶಕ ಜಾನ್ ಕಾರ್ಡೋಸ್. 'ಸ್ಟಾರ್ ಟ್ರೆಕ್'ನ ವಿಲಿಯಂ ಶಾಟ್ನರ್ ಇಲ್ಲಿ ದನದ ಡಾಕ್ಟರು. ಬಜೆಟ್ ಸುಮಾರು 5 ಲಕ್ಷ ಡಾಲರ್, ಅದರಲ್ಲಿ ಹತ್ತನೇ ಒಂದು ಭಾಗ ಜೇಡಕ್ಕೇ ಹೋಯ್ತು. ಒಂದಕ್ಕೆ 10 ಡಾಲರ್‌ನಂತೆ 5,000 ಟರಾಂಟುಲಾ ಕೊಂಡು ತಂದ್ರು. ಒಟ್ಟಿಗೆ ಬಿಟ್ರೆ ಒಂದನ್ನೊಂದು ತಿನ್ನುತ್ತವೆ ಅಂತ ಪ್ರತಿಯೊಂದಕ್ಕೂ ಬೇರೆ ಡಬ್ಬಿ. ಪಾಪದ ಪ್ರಾಣಿಗಳು ಮನುಷ್ಯರನ್ನ ಕಂಡ್ರೆ ಓಡಿಹೋಗ್ತಿದ್ದವು, ಫ್ಯಾನ್ ಹಾಕಿ ನಟರ ಕಡೆಗೆ ತಳ್ಳಬೇಕಾಯ್ತು. ಎಷ್ಟೋ ಜೇಡ ಕಾಲಿಗೆ, ಕಾರಿಗೆ ಸಿಕ್ಕಿ ನಿಜವಾಗಿಯೇ ಸತ್ತವು. ಅದನ್ನ ತೆರೆಯ ಮೇಲೆ ನೋಡುವಾಗ ನನಗೆ ಹೆದರಿಕೆ ಆಗಲಿಲ್ಲ, ಹೇಸಿಗೆ ಆಯ್ತು.

ಆದ್ರೆ ಕಥೆ ನೋಡಿ. ಶುರುವಾಗೋದು ಒಂದು ಕರುವಿನಿಂದ. ಒಬ್ಬ ರೈತನ ಒಳ್ಳೆ ಕರು ಕಾರಣ ಗೊತ್ತಾಗದೆ ಕಾಯಿಲೆ ಬೀಳುತ್ತೆ. ದನದ ಡಾಕ್ಟರು ರಕ್ತದ ಸ್ಯಾಂಪಲ್ ಕಳಿಸ್ತಾನೆ, ಜೇಡದ ವಿಷ ಅಂತ ವರದಿ ಬರುತ್ತೆ. ಡಿಡಿಟಿ ಹೊಡೆದು ಹೊಡೆದು ಜೇಡದ ಊಟವಾದ ಹುಳಗಳೆಲ್ಲ ಸತ್ತಿವೆ, ಹಸಿದ ಜೇಡಗಳು ಗುಂಪು ಕಟ್ಟಿ ದನ, ಆಮೇಲೆ ಮನುಷ್ಯರ ಮೇಲೆ ಬೀಳ್ತಿವೆ ಅನ್ನೋದು ತರ್ಕ. ಊರಿನ ಮೇಯರಿಗೆ ಜಾತ್ರೆ ನಡೀಬೇಕು, ಅದಕ್ಕೆ ಇನ್ನೂ ವಿಷ ಹೊಡೀರಿ ಅಂತಾನೆ. ವಿಮಾನದಿಂದ ಸಿಂಪಡಿಸೋ ಪೈಲಟ್ಟೇ ಜೇಡಕ್ಕೆ ಬಲಿಯಾಗ್ತಾನೆ. ರೇಚಲ್ ಕಾರ್ಸನ್ 1962ರಲ್ಲಿ 'ಸೈಲೆಂಟ್ ಸ್ಪ್ರಿಂಗ್' ಬರೆದು, 1972ರಲ್ಲಿ ಅಮೆರಿಕ ಕೃಷಿಯಲ್ಲಿ ಡಿಡಿಟಿ ನಿಷೇಧಿಸಿ ಐದು ವರ್ಷ ಕಳೆದಿತ್ತು. ಅಣುಬಾಂಬಿನ ಜಾಗಕ್ಕೆ ಕೀಟನಾಶಕ ಬಂದಿತ್ತು.

ಈಗ ಅದೇ ವರ್ಷಗಳ ಕಾಸರಗೋಡು. 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡದ ತಾಲೂಕು, ಆಮೇಲೆ ಕೇರಳ. ಎಣ್ಮಕಜೆ ಪಂಚಾಯತಿಯ ಪಡ್ರೆ, ಸ್ವರ್ಗ, ವಾಣಿನಗರದಲ್ಲಿ ಮನೆಮಾತು ಕನ್ನಡ, ತುಳು. ಅಲ್ಲಿನ ಗುಡ್ಡಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟ. ಗೇರಿಗೆ ಟೀ ಸೊಳ್ಳೆಯ ಕಾಟ ಅಂತ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ್ರು. ಇದೂ ಡಿಡಿಟಿಯ ಹಾಗೆ ಆರ್ಗನೋಕ್ಲೋರಿನ್ ಗುಂಪಿನದ್ದೇ. ತೋಟ ಗುಡ್ಡದ ನೆತ್ತಿಯಲ್ಲಿ, ಮನೆ ಬುಡದಲ್ಲಿ, ಕುಡಿಯೋ ನೀರು ಅದೇ ಗುಡ್ಡದಿಂದ ಹರಿದು ಬರೋ ಸುರಂಗ ಮತ್ತು ತೋಡಿನದು.

ಇಲ್ಲೂ ಮೊದಲು ಕಂಡದ್ದು ಕರುಗಳಲ್ಲೇ. 1979ರ ಸುಮಾರಿಗೆ ಅಲ್ಲಿಯ ರೈತರೊಬ್ಬರು ಹುಟ್ಟುವ ಕರುಗಳ ಕಾಲು ಸೊಟ್ಟ ಇರೋದನ್ನ ಗಮನಿಸಿದ್ರು. 1981ರಲ್ಲಿ ಶ್ರೀ ಪಡ್ರೆಯವರು ಅದರ ಬಗ್ಗೆ ಬರೆದ್ರು. ಹೌದು, ಮುಂದೆ 'ಅಡಿಕೆ ಪತ್ರಿಕೆ' ಕಟ್ಟಿದ, ಮಳೆಕೊಯ್ಲಿನ ಬಗ್ಗೆ ನಾವೆಲ್ಲ ಓದಿದ ಅದೇ ಶ್ರೀ ಪಡ್ರೆ. ಪಡ್ರೆಯಲ್ಲೇ ಕ್ಲಿನಿಕ್ ಇಟ್ಟಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಒಂದೇ ತೋಡಿನ ಆಚೀಚೆಯ ಮನೆಗಳಲ್ಲಿ ಬುದ್ಧಿಮಾಂದ್ಯ ಮಕ್ಕಳು, ಅಪಸ್ಮಾರ, ಕ್ಯಾನ್ಸರ್ ಇಷ್ಟೊಂದು ಯಾಕೆ ಅಂತ ಕೇಳೋಕೆ ಶುರುಮಾಡಿದ್ರು. ಸಿನಿಮಾದಲ್ಲಿ ಡಾಕ್ಟರಿಗೆ ಉತ್ತರ ಬರೋಕೆ ಹತ್ತು ನಿಮಿಷ ಸಾಕಾಯ್ತು. ಇಲ್ಲಿ ಇಪ್ಪತ್ತು ವರ್ಷ ಹಿಡೀತು. ಪೆರಿಯದಲ್ಲಿ ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದ್ರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಮಕ್ಕಳನ್ನ ಸಿಂಪಡಣೆ ಇಲ್ಲದ ಇನ್ನೊಂದು ಊರಿನ ಮಕ್ಕಳ ಜೊತೆ ಹೋಲಿಸಿ, ಪಡ್ರೆಯಲ್ಲಿ ತೊಂದರೆ ಹೆಚ್ಚು ಅಂತ 2002ರಲ್ಲಿ ವರದಿ ಕೊಟ್ಟಿತು. ಇದನ್ನ ಒಪ್ಪದ ಕೃಷಿ ವಿಜ್ಞಾನಿಗಳು ಇವತ್ತಿಗೂ ಇದ್ದಾರೆ, ಅಂಕಿಅಂಶದ ಬಗ್ಗೆ ಅವರ ಪ್ರಶ್ನೆಗಳಲ್ಲಿ ಕೆಲವು ಕೇಳಲೇಬೇಕಾದವು. ಆದ್ರೆ ಜನ ವಾಸ ಇರುವ ಕಣಿವೆಯ ಮೇಲೆ, ತೆರೆದ ನೀರಿನ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿಯೋದಕ್ಕೆ ಯಾವ ಅಂಕಿಅಂಶವೂ ಸಮರ್ಥನೆ ಆಗಲ್ಲ ಅನ್ನೋದು ನನ್ನ ಮಾತು.

ನಮ್ಮ ಕರ್ನಾಟಕದ ಕೈ ಶುದ್ಧ ಅಂದ್ಕೋಬೇಡಿ. ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರು ತೋಟಗಳಲ್ಲೂ ಇದೇ ನಡೀತು.

ಸಿನಿಮಾದ ತರ್ಕಕ್ಕೆ ವಾಪಸ್ ಬರ್ತೀನಿ, ಯಾಕಂದ್ರೆ ಅದು ಅರ್ಧ ಮಾತ್ರ ಸರಿ. ವಿಷ ಹೊಡೆದ್ರೆ ಜೇಡ ರೊಚ್ಚಿಗೇಳಲ್ಲ, ಸಾಯುತ್ತೆ. ಜೇಡ ಸತ್ತ ಮೇಲೆ ಏಳೋದು ಬೇರೆ ಹುಳ. 1973-74ರಲ್ಲಿ ಕುಟ್ಟನಾಡಿನ ಭತ್ತದ ಗದ್ದೆಗಳನ್ನ ಕಂದು ಜಿಗಿಹುಳು ಸುಟ್ಟ ಹಾಗೆ ಒಣಗಿಸಿತು. ಕೊಚ್ಚಿಯಿಂದ ತಿರುವನಂತಪುರಕ್ಕೆ ಅಲಪ್ಪುಳ ದಾರಿಯಲ್ಲಿ ಹೋಗುವಾಗ ಹತ್ತಿರದಲ್ಲೇ ಸಿಗುವ ಗದ್ದೆಗಳು. ಏಷ್ಯಾದ ತುಂಬ ಆಗ ಇದೇ ಕಾಟ. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಪೀಟರ್ ಕೆನ್ಮೋರ್ ಗದ್ದೆಗಿಳಿದು ಎಣಿಸಿ ತೋರಿಸಿದ್ದು ಇದನ್ನೇ: ಔಷಧಿ ಹೊಡೆದ ಗದ್ದೆಯಲ್ಲಿ ಜೇಡಗಳು ಸಾಯ್ತವೆ, ಜಿಗಿಹುಳು ಹತ್ತಾರು ಪಟ್ಟು ಹೆಚ್ಚುತ್ತೆ. ಈ ಕಥೆಯನ್ನ ಯಾರೂ ಹಾರರ್ ಸಿನಿಮಾ ಮಾಡಲಿಲ್ಲ. ಮಿಲಿಮೀಟರ್ ಲೆಕ್ಕದ ಹುಳಕ್ಕೆ ಪೋಸ್ಟರ್ ಎಲ್ಲಿಂದ ಬರಬೇಕು?

ಜೇಡದ ಬಗ್ಗೆ ಸರಿಯಾಗಿ ತಿಳಿಯಬೇಕು ಅಂದ್ರೆ ಕೊಚ್ಚಿಯಲ್ಲೇ ದಾರಿ ಇದೆ. ತೇವರದ ಸೇಕ್ರೆಡ್ ಹಾರ್ಟ್ ಕಾಲೇಜಿನಲ್ಲಿ ಜೇಡಗಳ ಅಧ್ಯಯನಕ್ಕೆ ಅಂತಲೇ ಒಂದು ವಿಭಾಗ ಬೆಳೀತು. ಅಲ್ಲಿನ ಪಿ. ಎ. ಸೆಬಾಸ್ಟಿಯನ್ ಮತ್ತು ಕೆ. ವಿ. ಪೀಟರ್ ಸೇರಿ 2009ರಲ್ಲಿ 'ಸ್ಪೈಡರ್ಸ್ ಆಫ್ ಇಂಡಿಯಾ' ಪುಸ್ತಕ ತಂದ್ರು. ನಿಮ್ಮ ಬಾತ್‌ರೂಮಿನ ಆ ಅಂಗೈ ಅಗಲದ ಜೇಡ ಬಹುಪಾಲು ಹೆಟೆರೋಪೋಡಾ ವೆನಟೋರಿಯಾ, ಬಲೆ ಕಟ್ಟಲ್ಲ, ಜಿರಳೆ ಹಿಡಿಯುತ್ತೆ. ನಮ್ಮ ಫ್ಲ್ಯಾಟ್ ಅಸೋಸಿಯೇಷನ್ ಮೂರು ತಿಂಗಳಿಗೊಮ್ಮೆ ಸ್ಪ್ರೇ ಮಾಡಿಸುತ್ತೆ. ಮೊದಲು ಕಾಣೆಯಾಗೋದು ಜೇಡ, ಹದಿನೈದು ದಿನದಲ್ಲಿ ವಾಪಸ್ ಬರೋದು ಜಿರಳೆ. ಆಮೇಲೆ ಮತ್ತೆ ಸ್ಪ್ರೇ.

ಎಂಡೋಸಲ್ಫಾನ್ 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು, ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ತಡೆ ಹಾಕಿತು. 2015ರಲ್ಲಿ ಡಾ. ಬಿಜು 'ವಲಿಯ ಚಿರಗುಳ್ಳ ಪಕ್ಷಿಗಳ್' ಅಂತ ಮಲಯಾಳ ಸಿನಿಮಾ ಮಾಡಿದ್ರು. ಕುಂಚಾಕೋ ಬೋಬನ್ ಅದರಲ್ಲಿ ಕಾಸರಗೋಡಿಗೆ ಬರುವ ಫೋಟೋಗ್ರಾಫರ್. ಪರಿಸರದ ಚಿತ್ರಕ್ಕೆ ಕೊಡುವ ರಾಷ್ಟ್ರ ಪ್ರಶಸ್ತಿ ಬಂತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನ ಮೂರು ತಿಂಗಳೊಳಗೆ ಕೊಡಿ ಅಂತ ಆದೇಶಿಸಿತು. 2019ರ ಜನವರಿ ಕೊನೆಗೆ ಕಾಸರಗೋಡಿನ ತಾಯಂದಿರು ಮಕ್ಕಳನ್ನ ಎತ್ತಿಕೊಂಡು ತಿರುವನಂತಪುರದ ಸೆಕ್ರೆಟೇರಿಯೆಟ್ ಮುಂದೆ ಉಪವಾಸ ಕೂತ್ರು, ದಯಾಬಾಯಿ ಜೊತೆಗಿದ್ರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೇರಳ ಸರ್ಕಾರವನ್ನ ತರಾಟೆಗೆ ತಗೊಂಡಿತು: ಪಟ್ಟಿಯಲ್ಲಿದ್ದ 3,704 ಜನರಲ್ಲಿ ಪೂರ್ತಿ ಹಣ ಮುಟ್ಟಿದ್ದು ಎಂಟೇ ಜನಕ್ಕೆ, ಅದೂ ಕೋರ್ಟಿಗೆ ಬಂದವರಿಗೆ. ಅದೇ ವರ್ಷದ ಅಕ್ಟೋಬರಿನಲ್ಲಿ, ಎಂಬತ್ತು ದಾಟಿದ ದಯಾಬಾಯಿ ಅದೇ ಗೇಟಿನ ಮುಂದೆ ಮತ್ತೆ ಎರಡು ವಾರಕ್ಕೂ ಹೆಚ್ಚು ಉಪವಾಸ ಕೂತ್ರು. ಜಿಲ್ಲೆಯಲ್ಲೇ ಒಂದು ಒಳ್ಳೆ ಆಸ್ಪತ್ರೆ ವ್ಯವಸ್ಥೆ ಬೇಕು ಅನ್ನೋದು ಮುಖ್ಯ ಬೇಡಿಕೆ. ನರರೋಗದ ಡಾಕ್ಟರನ್ನ ನೋಡಬೇಕು ಅಂದ್ರೆ ಎಣ್ಮಕಜೆಯ ಜನ ಗಡಿ ದಾಟಿ ಮಂಗಳೂರಿನ ಬಸ್ಸು ಹತ್ತುತ್ತಿದ್ರು.