ಆಲ್ಟಮ್ ಏಂಜೆಲ್: ತರುವ ಮುನ್ನ ತೊಟ್ಟಿ ಸಿದ್ಧವಿರಲಿ

ಅಲಂಕಾರಿಕ ಮೀನು ಸಾಕುವವರಿಗೆ ಏಂಜೆಲ್ ಮೀನು ಹೊಸದಲ್ಲ. ನಾಣ್ಯದ ಗಾತ್ರದಲ್ಲಿ ಅಂಗಡಿಯಿಂದ ಮನೆಗೆ ಬರುವ ಮರಿಗಳು ಕೆಲವೇ ತಿಂಗಳುಗಳಲ್ಲಿ ಅಂಗೈಯಗಲ ಬೆಳೆಯುತ್ತವೆ. ಈ ಕುಲದಲ್ಲೇ ಅತಿ ದೊಡ್ಡದು ಆಲ್ಟಮ್ ಏಂಜೆಲ್. ನೋಟಕ್ಕೆ ಎಷ್ಟು ಗಂಭೀರವೋ ಆರೈಕೆಯಲ್ಲಿ ಅಷ್ಟೇ ಸೂಕ್ಷ್ಮವಾದ ಈ ಮೀನು, ಸಿದ್ಧತೆಯಿಲ್ಲದೆ ತಂದರೆ ಕೆಲವೇ ವಾರಗಳಲ್ಲಿ ಸಾಯುವುದುಂಟು.

ಮೂಲ ಮತ್ತು ಗುರುತು

ಟೆರೋಫಿಲಮ್ ಕುಲದಲ್ಲಿ ಸ್ಕೇಲಾರೆ, ಲಿಯೋಪೋಲ್ಡಿ ಮತ್ತು ಆಲ್ಟಮ್ ಎಂಬ ಮೂರು ಪ್ರಭೇದಗಳಿವೆ. ಮೂರೂ ದಕ್ಷಿಣ ಅಮೆರಿಕದವು. 1903ರಲ್ಲಿ ವೈಜ್ಞಾನಿಕವಾಗಿ ವಿವರಿಸಲ್ಪಟ್ಟ ಆಲ್ಟಮ್‌ನ ನೆಲೆ ವೆನೆಜುವೆಲಾ ಹಾಗೂ ಕೊಲಂಬಿಯಾಗಳ ಒರಿನೋಕೊ ನದಿ ವ್ಯವಸ್ಥೆ ಮತ್ತು ರಿಯೊ ನೀಗ್ರೊ ನದಿಯ ಮೇಲ್ಭಾಗ. ಮಾರುಕಟ್ಟೆಗೆ ಬರುವ ಆಲ್ಟಮ್‌ಗಳಲ್ಲಿ ಹೆಚ್ಚಿನವು ನದಿಯಿಂದಲೇ ಹಿಡಿದು ತಂದವು.

ಹಣೆ ಮತ್ತು ಮೂತಿಯ ನಡುವಿನ ಆಳವಾದ ತಗ್ಗು ಇದರ ಮುಖ್ಯ ಗುರುತು. ‘ಪೆರು ಆಲ್ಟಮ್’ ಎಂಬ ಹೆಸರಿನಲ್ಲಿ ಮಾರಾಟವಾಗುವುದು ವಾಸ್ತವದಲ್ಲಿ ಸ್ಕೇಲಾರೆಯೇ. ಹೆಸರು ನಂಬಿ ದುಬಾರಿ ಬೆಲೆ ತೆರುವ ಮುನ್ನ ಇದನ್ನು ಗಮನಿಸಬೇಕು.

ತೊಟ್ಟಿಯ ಗಾತ್ರ

ಪೂರ್ಣ ಬೆಳೆದ ಆಲ್ಟಮ್‌ನ ಎತ್ತರ ಮೇಲಿನ ರೆಕ್ಕೆಯ ತುದಿಯಿಂದ ಕೆಳಗಿನ ರೆಕ್ಕೆಯ ತುದಿಯವರೆಗೆ 30 ಸೆಂ.ಮೀ. ಮೀರಬಹುದು. ಆದ್ದರಿಂದ ತೊಟ್ಟಿ ಉದ್ದವಿದ್ದರಷ್ಟೇ ಸಾಲದು, ಕನಿಷ್ಠ 60 ಸೆಂ.ಮೀ. ಎತ್ತರವೂ ಇರಬೇಕು. ಗುಂಪಿನಲ್ಲಿ ಬಾಳುವ ಮೀನಾದ್ದರಿಂದ ಐದಾರನ್ನು ಒಟ್ಟಿಗೆ ಸಾಕುವುದು ಒಳಿತು. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ತೊಟ್ಟಿ 324 ಲೀಟರ್ ನೀರು ಹಿಡಿಯುತ್ತದೆ. ನೀರಿನ ತೂಕವೇ 324 ಕಿಲೋ. ಗಾಜು, ಮರಳು, ಸ್ಟ್ಯಾಂಡ್ ಸೇರಿದರೆ ಇನ್ನೂ ಹೆಚ್ಚು. ಮಹಡಿ ಮನೆಯವರು ಗೋಡೆಗೆ ಒತ್ತಿ, ಸಮತಟ್ಟಾದ ಜಾಗದಲ್ಲಿ ಇರಿಸುವುದು ಕ್ಷೇಮ.

ನೀರೇ ಜೀವಾಳ

ಆಲ್ಟಮ್‌ನ ನದಿಗಳ ನೀರು ಬೆಚ್ಚಗಿನದು, ಅತಿ ಮೃದು ಮತ್ತು ಆಮ್ಲೀಯ. ತೊಟ್ಟಿಯಲ್ಲಿ ಉಷ್ಣಾಂಶ 28ರಿಂದ 30 ಡಿಗ್ರಿ ಸೆಲ್ಸಿಯಸ್, ಪಿಎಚ್ 6ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಇರಬೇಕು. ರಾಜ್ಯದ ಹಲವು ನಗರಗಳ ಕೊಳವೆಬಾವಿ ನೀರು ಗಡಸಾಗಿರುವುದರಿಂದ ಅದನ್ನು ನೇರವಾಗಿ ಬಳಸುವಂತಿಲ್ಲ. ಆರ್‌ಒ ನೀರನ್ನು ಬೆರೆಸಿ ಗಡಸುತನ ತಗ್ಗಿಸಬೇಕು. ಒಣಗಿದ ಕಾಡುಬಾದಾಮಿ ಎಲೆಗಳು ನೀರಿಗೆ ಟ್ಯಾನಿನ್ ಬಿಟ್ಟು ಕಂದು ಛಾಯೆ ನೀಡುತ್ತವೆ. ನಲ್ಲಿ ನೀರಾದರೆ ಕ್ಲೋರಿನ್ ನಿವಾರಕ ಅಗತ್ಯ.

ಹೊಸ ತೊಟ್ಟಿಗೆ ನೀರು ತುಂಬಿದ ದಿನವೇ ಮೀನು ಬಿಡುವುದು ಸಾಮಾನ್ಯ ತಪ್ಪು. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಬಳಿಕ ಕಡಿಮೆ ಅಪಾಯದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ ಎಂದು ಪರೀಕ್ಷೆಯಲ್ಲಿ ಕಂಡ ನಂತರವೇ ಮೀನು ತರಬೇಕು. ತಂದ ಮೀನನ್ನು ಒಮ್ಮೆಲೇ ಸುರಿಯದೆ, ತೆಳ್ಳಗಿನ ಕೊಳವೆಯಿಂದ ತೊಟ್ಟಿಯ ನೀರನ್ನು ಹನಿಹನಿಯಾಗಿ ಬೆರೆಸುತ್ತ ಹೊಂದಿಸಬೇಕು.

ಆಹಾರ, ಸಂಗಾತಿಗಳು

ಘನೀಕೃತ ಬ್ರೈನ್ ಶ್ರಿಂಪ್, ಬ್ಲಡ್‌ವರ್ಮ್ ಮತ್ತು ಉತ್ತಮ ಗುಣಮಟ್ಟದ ಗುಳಿಗೆ ಆಹಾರವನ್ನು ದಿನಕ್ಕೆ ಎರಡು ಬಾರಿ, ಅಲ್ಪ ಪ್ರಮಾಣದಲ್ಲಿ ನೀಡಬೇಕು. ಕೊಳಚೆ ನೀರಿನಿಂದ ಬರುವ ಜೀವಂತ ಟ್ಯೂಬಿಫೆಕ್ಸ್ ಹುಳುಗಳಿಂದ ರೋಗ ತಗಲುವ ಭಯವಿದೆ. ನಿಯಾನ್ ಟೆಟ್ರಾದಂಥ ಪುಟ್ಟ ಮೀನುಗಳು ಏಂಜೆಲ್‌ಗೆ ಆಹಾರವಾಗುತ್ತವೆ. ಟೈಗರ್ ಬಾರ್ಬ್‌ಗಳು ಅದರ ರೆಕ್ಕೆಗಳನ್ನೇ ಕಚ್ಚುತ್ತವೆ.

ವಿದ್ಯುತ್ ಕಡಿತದ ವೇಳೆ ಫಿಲ್ಟರ್ ನಿಂತು ನೀರಿನಲ್ಲಿ ಆಮ್ಲಜನಕ ಕುಸಿಯುತ್ತದೆ. ಬ್ಯಾಟರಿಚಾಲಿತ ಗಾಳಿ ಪಂಪ್ ಕೈಗೆಟಕುವಂತಿರಲಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಾಯಿಸಬೇಕು. ಸಾಕಲಾಗದೆ ಹೋದರೆ ಮೀನನ್ನು ಕೆರೆಗೆ ಬಿಡಬಾರದು, ಬಲ್ಲ ಹವ್ಯಾಸಿಗಳಿಗೆ ಒಪ್ಪಿಸಬೇಕು.